‘ಸೈಕೋ’ ಪದ ಪಕ್ಕಕ್ಕಿಟ್ಟು ಕೇಳಿ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ನಿದ್ದೆ, ಕುಡಿತ, ಪರೀಕ್ಷೆಯ ಭಯದ್ದು. ಆದರೆ ಟಿವಿಯಲ್ಲಿ ಯಾವುದೋ ಕೊಲೆ ಸುದ್ದಿ ನಾಲ್ಕು ದಿನ ಓಡಿದರೆ ಸಾಕು, ಕೊಲೆಗಾರನ ತಲೆಯೊಳಗೆ ಏನಿದೆ ಅಂತ ಎಲ್ಲರಿಗೂ ತಿಳಿಯಬೇಕು. ಬಳ್ಳಾರಿಯಲ್ಲಿ ಇಪ್ಪತ್ತು ವರ್ಷದಿಂದ ಮನೋವೈದ್ಯಳಾಗಿದ್ದೇನೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರು ಇದನ್ನೇ ಕೇಳುತ್ತಾರೆ. ಎಲೆಯಲ್ಲಿ ಹೋಳಿಗೆ ಇಟ್ಟುಕೊಂಡು ಸರಣಿ ಕೊಲೆಯ ಮಾತಾಡೋದು ನನಗೆ ಆಗಿಬರಲ್ಲ. ಅದಕ್ಕೇ ಕೂಡಿಬಿದ್ದ ಪ್ರಶ್ನೆಗಳಿಗೆಲ್ಲ ಈ ಸಲ ಒಟ್ಟಿಗೆ ಉತ್ತರ ಹೇಳಿ ಮುಗಿಸುತ್ತೇನೆ.

ಸೈನೈಡ್ ಮೋಹನ್‌ನಂಥವರಿಗೆ ಯಾವ ಮಾನಸಿಕ ಕಾಯಿಲೆ ಇರುತ್ತದೆ? ಹುಚ್ಚಿಲ್ಲದೆ ಅಷ್ಟು ಜನರನ್ನು ಕೊಲ್ಲಲು ಸಾಧ್ಯವೇ?
– ಕಾಲೇಜು ವಿದ್ಯಾರ್ಥಿ, ಕೊಪ್ಪಳ

ಸಾಧ್ಯ. ಹುಚ್ಚಿದ್ದರೆ ಅವನಿಗೆ ಅದು ಸಾಧ್ಯವಾಗುತ್ತಲೇ ಇರಲಿಲ್ಲ.

ಅವನು ಮಾಡಿದ್ದನ್ನು ಒಮ್ಮೆ ನೋಡಿ. ದಕ್ಷಿಣ ಕನ್ನಡದ ಬಂಟ್ವಾಳ ಕಡೆಯ ಪ್ರಾಥಮಿಕ ಶಾಲೆ ಮೇಷ್ಟ್ರು. 2003ರಿಂದ 2009ರ ನಡುವಿನ 20 ಹೆಣ್ಣುಮಕ್ಕಳ ಸಾವಿಗೆ ವಿಚಾರಣೆ ಎದುರಿಸಿದವನು. ವರದಕ್ಷಿಣೆ ಬೇಡ, ಮದುವೆ ಆಗ್ತೀನಿ ಅನ್ನುತ್ತಿದ್ದ. ದೂರದ ಊರಿಗೆ ಕರೆದುಕೊಂಡು ಹೋಗಿ ಲಾಡ್ಜ್‌ನಲ್ಲಿ ಬೇರೆ ಹೆಸರು ಬರೆಸುತ್ತಿದ್ದ. ಬೆಳಗ್ಗೆ ಒಡವೆ ಬಿಚ್ಚಿಡಲು ಹೇಳಿ ಬಸ್‌ಸ್ಟ್ಯಾಂಡಿಗೆ ಕರೆತರುತ್ತಿದ್ದ. ಬಸಿರು ನಿಲ್ಲದಿರಲಿ ಅಂತ ಗುಳಿಗೆ ಕೊಟ್ಟು, ಶೌಚಾಲಯದೊಳಗೆ ಹೋಗಿ ನುಂಗು ಅನ್ನುತ್ತಿದ್ದ. ಅದು ಸೈನೈಡ್. ಅವಳು ಒಳಗೆ ಬೀಳುವ ಹೊತ್ತಿಗೆ ಇವನು ಲಾಡ್ಜಿಗೆ ವಾಪಸ್ ಹೋಗಿ ಒಡವೆ ಎತ್ತಿಕೊಂಡು ಹೊರಡುತ್ತಿದ್ದ. ಆಮೇಲೆ ಕೋರ್ಟಿನಲ್ಲಿ ತನ್ನ ವಾದವನ್ನು ತಾನೇ ಮಾಡಿದ. ಇದರಲ್ಲಿ ತಲೆ ಕೆಟ್ಟದ್ದು ಎಲ್ಲಿ ಕಾಣುತ್ತದೆ? ನನ್ನ ಹತ್ತಿರ ಬರುವ ಸ್ಕಿಜೋಫ್ರೇನಿಯಾ ಹುಡುಗರಿಗೆ ಹೊಸಪೇಟೆ ಬಸ್ಸು ಹತ್ತಿ ಸರಿಯಾದ ಸ್ಟಾಪಿನಲ್ಲಿ ಇಳಿಯುವುದೇ ದೊಡ್ಡ ಕೆಲಸ.

ಕಾನೂನು ಕೇಳುವುದೂ ಇಷ್ಟೇ: ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಅಂತ ಅವನಿಗೆ ತಿಳಿದಿತ್ತಾ? ಹಳೆಯ ಐಪಿಸಿಯ 84ನೇ ಕಲಂ ಅದನ್ನೇ ಕೇಳುತ್ತಿತ್ತು. 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಕೂಡ ಅದನ್ನೇ ಕೇಳುತ್ತದೆ. ಹೆಸರು ಬದಲಿಸಿ ಬರೆಸುವವನಿಗೆ ತಪ್ಪು ಅಂತ ಗೊತ್ತಿರದೆ ಇರುತ್ತದಾ?

ನಿಜವಾದ ಕಾಯಿಲೆಯಿಂದ ಸರಣಿ ಕೊಲೆ ನಡೆದದ್ದೂ ಇದೆ. 1960ರ ದಶಕದಲ್ಲಿ ಮುಂಬಯಿಯ ರಸ್ತೆ ಬದಿ, ಗುಡಿಸಲುಗಳಲ್ಲಿ ಮಲಗಿದ್ದವರನ್ನು ಕೊಂದ ರಾಮನ್ ರಾಘವ್ ಹಾಗಿದ್ದವನು. ಮನೋವೈದ್ಯರ ಮಂಡಳಿ ಪರೀಕ್ಷೆ ಮಾಡಿತು, ಅವನ ಗಲ್ಲು ಶಿಕ್ಷೆ ಜೀವಾವಧಿಗೆ ಇಳಿಯಿತು. ಅಂಥವರು ತೀರಾ ಅಪರೂಪ. ಕಿವಿಯಲ್ಲಿ ಮಾತು ಕೇಳಿಸುವ ನನ್ನ ರೋಗಿಗಳು ಹೊಡೆದದ್ದಕ್ಕಿಂತ ಏಟು ತಿಂದದ್ದೇ ಜಾಸ್ತಿ. ಟಿವಿಯವರು ಒಂದು ಸಲ ‘ಸೈಕೋ’ ಅಂದರೆ, ಇಲ್ಲಿ ಮೂರು ಜನ ರೋಗಿಗಳಿಗೆ ಬಾಡಿಗೆ ಮನೆ ಸಿಗಲ್ಲ. ನನಗೆ ಆ ಪದದ ಮೇಲೆ ಸಿಟ್ಟು ಯಾಕೆ ಅಂತ ಈಗ ತಿಳಿಯಿತಲ್ವಾ?

ಹಾಗಾದರೆ ಸರಣಿ ಕೊಲೆಗಾರರಲ್ಲಿ ಏನಿರುತ್ತದೆ? ಬಹಳ ಜನರಲ್ಲಿ ಏನೋ ಒಂದು ಇರುವುದಿಲ್ಲ. ಎದುರಿನವರು ಹೆದರಿದರೆ, ಅತ್ತರೆ, ನಮ್ಮ ಹೊಟ್ಟೆಯೊಳಗೆ ಏನೋ ಹಿಂಡಿದಂತಾಗುತ್ತದೆ. ಇವರಿಗೆ ಅದು ಆಗುವುದಿಲ್ಲ, ಅಥವಾ ತುಂಬ ಕಮ್ಮಿ ಆಗುತ್ತದೆ. ಇದನ್ನು ಸೈಕೋಪಥಿ ಅನ್ನುತ್ತೇವೆ. ಕೆನಡಾದ ರಾಬರ್ಟ್ ಹೇರ್ ಇದನ್ನು ಅಳೆಯಲು 20 ಅಂಶಗಳ ಪಟ್ಟಿ ಮಾಡಿದರು. ಆದರೆ ಇಂಥವರಲ್ಲಿ ಹೆಚ್ಚಿನವರು ಯಾರನ್ನೂ ಕೊಲ್ಲುವುದಿಲ್ಲ. ಚೀಟಿ ವ್ಯವಹಾರದಲ್ಲಿ ಊರಿನ ದುಡ್ಡು ನುಂಗಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವರನ್ನು ನೀವೂ ನೋಡಿದ್ದೀರಿ. ಅಮೆರಿಕದ ಮೆದುಳು ವಿಜ್ಞಾನಿ ಜೇಮ್ಸ್ ಫಾಲನ್ ಕೊಲೆಗಾರರ ಸ್ಕ್ಯಾನ್‌ಗಳನ್ನು ಓದುತ್ತಿದ್ದವರು. ಒಂದು ದಿನ ತಮ್ಮದೇ ಮೆದುಳಿನ ಚಿತ್ರ ಹಾಗೇ ಇರುವುದನ್ನು ಕಂಡರು. ಅವರು ಪ್ರೊಫೆಸರಾಗಿ, ಮಕ್ಕಳ ತಂದೆಯಾಗಿ ಬದುಕಿದರು.

‘ಕೊಲೆಗಾರ ಜೀನ್’ ಕಥೆಯೂ ಅಷ್ಟೇ. ನ್ಯೂಜಿಲೆಂಡ್‌ನ ಡುನೆಡಿನ್‌ನಲ್ಲಿ ಸುಮಾರು ಸಾವಿರ ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸುತ್ತ ಬಂದರು. 2002ರಲ್ಲಿ ಹೊರಬಂದ ವಿಷಯ ಇದು: ಎಂಎಒಎ ಅನ್ನುವ ಜೀನ್ ಮಂದವಾಗಿದ್ದು, ಜೊತೆಗೆ ಮನೆಯಲ್ಲಿ ಹಿಂಸೆಯನ್ನೂ ಉಂಡ ಗಂಡುಮಕ್ಕಳು ಮುಂದೆ ಪುಂಡಾಟ, ಹೊಡೆದಾಟಕ್ಕೆ ಇಳಿಯುವ ಸಂಭವ ಹೆಚ್ಚು. ಅದೇ ಜೀನ್ ಇದ್ದೂ ಏಟಿಲ್ಲದೆ ಬೆಳೆದವರಲ್ಲಿ ಹಾಗೆ ಕಾಣಲಿಲ್ಲ.

ಇನ್ನು ಕಾರಣ. ದೊಡ್ಡ ರಹಸ್ಯ ಏನೂ ಇಲ್ಲ. ದುಡ್ಡು, ಕಾಮ, ಇನ್ನೊಬ್ಬರ ಜೀವ ನನ್ನ ಮುಷ್ಟಿಯಲ್ಲಿದೆ ಅನ್ನುವ ಅಮಲು. ‘ಸೈನೈಡ್ ಮಲ್ಲಿಕಾ’ ಎಂದು ಕರೆಸಿಕೊಂಡ ಕೆಂಪಮ್ಮ ದೇವಸ್ಥಾನಗಳಲ್ಲಿ ದುಃಖದಲ್ಲಿದ್ದ ಹೆಂಗಸರ ಪರಿಚಯ ಮಾಡಿಕೊಂಡು, ವ್ರತ ಮಾಡಿಸ್ತೀನಿ, ಮೈತುಂಬ ಚಿನ್ನ ಹಾಕ್ಕೊಂಡು ಬಾ ಅನ್ನುತ್ತಿದ್ದಳು. ಅಲ್ಲಿ ಇದ್ದದ್ದು ಚಿನ್ನದ ಆಸೆ. ಉಮೇಶ್ ರೆಡ್ಡಿ, ಒಂದು ಕಾಲದ ಪೊಲೀಸ್ ಪೇದೆ, ಮನೆಯಲ್ಲಿ ಒಂಟಿಯಾಗಿದ್ದ ಹೆಂಗಸರನ್ನು ಹುಡುಕುತ್ತಿದ್ದ. ಮೊದಲನೆಯದು ದಕ್ಕಿತು, ಯಾರೂ ಹಿಡಿಯಲಿಲ್ಲ ಅಂದರೆ ರುಚಿ ಕಂಡ ಬೆಕ್ಕಿನ ಹಾಗೆ ಮತ್ತೆ ಅದೇ ದಾರಿ.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆಗೆ ಬರುತ್ತೇನೆ. ಮೋಹನ ಆರು ವರ್ಷ ಹೇಗೆ ಸಿಗದೆ ಉಳಿದ? ಅವನೇನು ಮಹಾ ಬುದ್ಧಿವಂತನಲ್ಲ. ವರದಕ್ಷಿಣೆಗೆ ದುಡ್ಡಿಲ್ಲದೆ ಮದುವೆ ತಡವಾದ ಬಡವರ ಮನೆ ಹುಡುಗಿಯರನ್ನು ಅವನು ಆರಿಸುತ್ತಿದ್ದ. ಮಗಳು ಕಾಣದಾದಾಗ ಎಷ್ಟೋ ಮನೆಯವರು ಓಡಿಹೋದಳು ಅಂದುಕೊಂಡು ಮರ್ಯಾದೆಗೆ ಅಂಜಿ ಸುಮ್ಮನಾದರು. ಇತ್ತ ಬೇರೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹೆಣ ವಾರಸುದಾರರಿಲ್ಲದ ಅಸಹಜ ಸಾವಾಗಿ ಕಡತ ಸೇರಿತು. ಕೊನೆಗೆ ಒಬ್ಬಳ ಮನೆಯವರು, ಊರವರು ಬಿಡದೆ ಬೆನ್ನು ಹತ್ತಿದರು. ಆಗ ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು, 2009ರಲ್ಲಿ ಅವನು ಸಿಕ್ಕ.

ಇದನ್ನು ಇಲ್ಲಿ ಕೂತು ಓದುವಾಗ ನನಗೆ ನೆನಪಾಗುವುದು ಗುಳೆ ಹೋಗುವವರು. ರಾಯಚೂರು, ಕೊಪ್ಪಳದಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಹೆಣ್ಣುಮಗಳು ಮೂರು ತಿಂಗಳು ಫೋನ್ ಮಾಡದಿದ್ದರೆ ಎಷ್ಟು ಮನೆಯವರು ಠಾಣೆಗೆ ಹೋಗ್ತಾರೆ? ದೇವದಾಸಿ ಪದ್ಧತಿಗೆ ಸಿಕ್ಕವರು ಕಾಣೆಯಾದರೆ ಕೇಳುವವರು ಯಾರು? ಸರಣಿ ಕೊಲೆಗಾರ ಮನಶ್ಶಾಸ್ತ್ರ ಓದಿರುವುದಿಲ್ಲ. ಯಾರನ್ನು ಯಾರೂ ಹುಡುಕುವುದಿಲ್ಲ ಅನ್ನುವ ಲೆಕ್ಕ ಮಾತ್ರ ಅವನಿಗೆ ಚೆನ್ನಾಗಿ ಬರುತ್ತದೆ. 2011ರಲ್ಲಿ ತಮಿಳುನಾಡು ಪೊಲೀಸರಿಂದ ತಪ್ಪಿಸಿಕೊಂಡ ಸರಣಿ ಕೊಲೆಗಾರ ಜೈಶಂಕರ್ ನಮ್ಮ ಕಡೆ ತಿರುಗಾಡಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅವನು ಸಿಕ್ಕಿದ್ದು ವಿಜಯಪುರ ಜಿಲ್ಲೆಯ ಒಂದು ಊರಿನಲ್ಲಿ. ಹೊಲದಲ್ಲಿದ್ದ ಹೆಣ್ಣುಮಗಳು ಕೂಗಿಕೊಂಡಳು, ಆ ಕೂಗಿಗೆ ಮನೆಯವರು ಓಡಿ ಬಂದರು.

ಮುಖ ನೋಡಿ, ಕಣ್ಣು ನೋಡಿ ಇಂಥವರನ್ನು ಗುರುತಿಸಬಹುದಾ?
– ಗೃಹಿಣಿ, ಬಳ್ಳಾರಿ

ಆಗಲ್ಲ. ಇಂಗ್ಲೆಂಡಿನ ಹೆರಾಲ್ಡ್ ಶಿಪ್‌ಮನ್ ಊರವರಿಗೆ ಅಚ್ಚುಮೆಚ್ಚಿನ ಡಾಕ್ಟರ್. ಅವನು 215 ರೋಗಿಗಳನ್ನು ಕೊಂದ ಅಂತ ತನಿಖಾ ಆಯೋಗ ಹೇಳಿತು. ಯಾಕೆ ಅಂತ ಅವನು ಬಾಯಿ ಬಿಡಲೇ ಇಲ್ಲ. ನನ್ನ ಕಸುಬಿನವನೇ, ಏನು ಹೇಳಲಿ.

ಅಮಾವಾಸ್ಯೆ, ಹುಣ್ಣಿಮೆಗೆ ಕೊಲೆಗಳು ಹೆಚ್ಚುತ್ತವಂತೆ, ನಿಜವೇ?
– ಓದುಗರು, ಗಂಗಾವತಿ

ನೀವು ಹುಲಿಗೆಮ್ಮನ ಗುಡಿಯಿರುವ ಹುಲಿಗಿಯ ಪಕ್ಕದವರು. ಹುಣ್ಣಿಮೆಗೆ ಅಲ್ಲಿ ಎಷ್ಟು ಸಾವಿರ ಜನ ಸೇರ್ತಾರೆ! ಎಲ್ಲರೂ ಉಧೋ ಉಧೋ ಅಂದು, ಉಂಡು, ಮನೆಗೆ ಬರ್ತಾರೆ.

ನನ್ನ ಮಗನಿಗೆ 8 ವರ್ಷ. ಹಾಸಿಗೆ ಒದ್ದೆ ಮಾಡ್ತಾನೆ. ಓತಿಕೇತಕ್ಕೆ ಕಲ್ಲು ಹೊಡೀತಾನೆ. ಇವು ಕೊಲೆಗಾರನ ಲಕ್ಷಣ ಅಂತ ಯೂಟ್ಯೂಬ್‌ನಲ್ಲಿ ನೋಡಿದೆ. ಭಯ ಆಗ್ತಿದೆ.
– ತಾಯಿ, ಸಿಂಧನೂರು

ಅವ್ವಾ, ಆ ವಿಡಿಯೋ ಮೊದಲು ಬಂದ್ ಮಾಡಿ. 1963ರಲ್ಲಿ ಮೆಕ್‌ಡೊನಾಲ್ಡ್ ಅನ್ನುವ ವೈದ್ಯ, ಕೊಲ್ತೀನಿ ಅಂತ ಬೆದರಿಕೆ ಹಾಕುತ್ತಿದ್ದ ತಮ್ಮ ರೋಗಿಗಳನ್ನು ನೋಡಿ ಮೂರು ಲಕ್ಷಣ ಬರೆದರು: ಹಾಸಿಗೆ ಒದ್ದೆ ಮಾಡುವುದು, ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಹಿಂಸಿಸುವುದು. ಆಮೇಲಿನ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಹಾಸಿಗೆ ಒದ್ದೆ ಆಗುವುದಕ್ಕೂ ಕೊಲೆಗೂ ಯಾವ ಸಂಬಂಧವೂ ಇಲ್ಲ. ಮಲಬದ್ಧತೆ ಇದೆಯಾ, ಮೂತ್ರದ ಸೋಂಕಿದೆಯಾ ಅಂತ ಮಕ್ಕಳ ಡಾಕ್ಟರಿಗೆ ತೋರಿಸಿ. ಶಾಲೆಯಲ್ಲಿ ಯಾರಾದರೂ ಹೊಡೀತಾರಾ ಅಂತಲೂ ಕೇಳಿ.

ಓತಿಕೇತಕ್ಕೆ ಗೆಳೆಯರ ಜೊತೆ ಕಲ್ಲು ಬೀಸುವುದು ನಮ್ಮ ಹಳ್ಳಿ ಹುಡುಗರ ಹಳೇ ಚಟ. ಅದನ್ನು ಬಿಡಿಸಿ, ಅಷ್ಟೇ. ಸಾಕಿದ ನಾಯಿಮರಿಯನ್ನು ಮರೆಗೆ ಒಯ್ದು ಮತ್ತೆ ಮತ್ತೆ ನೋಯಿಸಿ ಖುಷಿಪಡುವ ಮಗುವಿನ ಮಾತು ಬೇರೆ. ಅದನ್ನು ನನಗೆ ತೋರಿಸಿ. ಹೆಚ್ಚಿನ ಸಲ ಆ ಮಗುವನ್ನೂ ಯಾರೋ ಮರೆಯಲ್ಲಿ ನೋಯಿಸುತ್ತಿರುತ್ತಾರೆ.

ಬರೆ ಹಾಕಿಸಬೇಡಿ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಹೊಟ್ಟೆಯ ಮೇಲೆ ಬರೆ ಎಳೆಸಿಕೊಂಡು ಬಂದ ಮಗುವನ್ನು ನೋಡಿದ್ದೇನೆ. ಎಳೆದವನು ಅದಕ್ಕೆ ದುಡ್ಡು ಬೇರೆ ತೆಗೆದುಕೊಂಡಿದ್ದ. ಶಾಲೆಗಳಿಗೆ ಬಂದು ಬೆರಳಚ್ಚು ನೋಡಿ ಮಗುವಿನ ಗುಣ ಹೇಳ್ತೀವಿ ಅನ್ನುವ ಟೈ ಕಟ್ಟಿದವರೂ ನನ್ನ ಲೆಕ್ಕದಲ್ಲಿ ಅದೇ ಜಾತಿ.

ನನ್ನ ತಂಗಿಯ ಗಂಡ ಕುಡಿದು ಬಂದು, ಹೆಂಡತಿ ಮೇಲೆ ಸಂಶಯಪಟ್ಟು, ಎಲ್ಲರನ್ನೂ ಮುಗಿಸಿ ನಾನೂ ಸಾಯ್ತೀನಿ ಅಂತಾನೆ. ಬೊಗಳುವ ನಾಯಿ ಕಚ್ಚಲ್ಲ ಅಂತ ಹಿರಿಯರು ಹೇಳ್ತಾರೆ.
– ರಾಯಚೂರು ಜಿಲ್ಲೆ

ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ಹಿರಿಯರ ಮಾತು ತಪ್ಪು. ಸರಣಿ ಕೊಲೆಗಾರ ಅಡಗಿಸುತ್ತಾನೆ. ಒಂದೇ ಸಲಕ್ಕೆ ಹಲವರನ್ನು ಕೊಲ್ಲುವವನು ಬಹಳ ಸಲ ಮೊದಲೇ ಹೇಳಿರುತ್ತಾನೆ. 1966ರಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರ ಹತ್ತಿ ಗುಂಡು ಹಾರಿಸಿದ ಚಾರ್ಲ್ಸ್ ವಿಟ್‌ಮನ್, ಕೆಲವು ತಿಂಗಳ ಹಿಂದೆ ಅಲ್ಲಿನ ಮನೋವೈದ್ಯರ ಮುಂದೆಯೇ ಆ ಗೋಪುರ ಹತ್ತಿ ಜನರಿಗೆ ಗುಂಡು ಹೊಡೆಯುವ ಯೋಚನೆ ಬರುತ್ತದೆ ಅಂದಿದ್ದ. ಮುಂದಿನ ವಾರ ಬಾ ಅಂದರು, ಅವನು ಬರಲಿಲ್ಲ. ಸತ್ತ ಮೇಲೆ ಅವನ ಮೆದುಳಿನಲ್ಲಿ ಗೆಡ್ಡೆ ಸಿಕ್ಕಿದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಗೋಪುರ ಹತ್ತುವ ಮುಂಚೆ ಅವನು ತಾಯಿಯನ್ನೂ ಹೆಂಡತಿಯನ್ನೂ ಕೊಂದಿದ್ದ ಅನ್ನುವುದು ಎಷ್ಟು ಜನರಿಗೆ ಗೊತ್ತು?

ನಮ್ಮ ಕಡೆ ನಾನು ಕಂಡ ಸಾಮೂಹಿಕ ಕೊಲೆ ಅಂದರೆ ಮನೆಯೊಳಗಿನದೇ. ಸಾಲ, ಅವಮಾನ, ಕುಡಿತ, ಹೆಂಡತಿ ಮೇಲಿನ ಸಂಶಯ. ನಾನು ಸತ್ತರೆ ಮಕ್ಕಳಿಗೆ ಯಾರು ದಿಕ್ಕು ಅನ್ನುವ ಖಿನ್ನತೆಯ ಯೋಚನೆ. ಅದನ್ನು ಅವನು ಪ್ರೀತಿ ಅಂದುಕೊಂಡಿರುತ್ತಾನೆ. ಸಂಶಯ, ಕುಡಿತ, ಸಾಯುವ ಮಾತು ಮೂರೂ ಕೂಡಿದ ಮನೆ ಅಂದರೆ ನನಗೆ ರಾತ್ರಿ ನಿದ್ದೆ ಬರಲ್ಲ.

ಇವತ್ತೇ ಮಾಡಬೇಕಾದ್ದು ಕೇಳಿ. ಹತ್ತಿಗೆ ಹೊಡೆಯುವ ಎಣ್ಣೆ, ಕೊಡಲಿ, ಕುಡುಗೋಲು ಆ ಮನೆಯಿಂದ ಹೊರಗೆ ಹೋಗಲಿ. ತಂಗಿ ಮತ್ತು ಮಕ್ಕಳು ತವರಿಗೆ ಬರಲಿ. ಆದರೆ ಬಿಟ್ಟು ಹೋಗ್ತೀನಿ ಅಂತ ಅವನ ಮುಂದೆ ಹೇಳಿ ಹೊರಡುವುದು ಬೇಡ. ಹೆಚ್ಚು ಅಪಾಯ ಆ ಹೊತ್ತಿನಲ್ಲೇ. ಹಬ್ಬಕ್ಕೆ, ಅವ್ವನಿಗೆ ಹುಷಾರಿಲ್ಲ ಅಂತ ಏನಾದರೂ ನೆಪ ಹೇಳಲಿ. ಸುಳ್ಳು ಹೇಳಿದ ಪಾಪ ನನಗೆ ಬರಲಿ. ಕೈ ಎತ್ತಿದರೆ 112ಕ್ಕೆ ಫೋನ್ ಮಾಡಿ, ಹೆಣ್ಣುಮಕ್ಕಳ ಸಹಾಯಕ್ಕೆ 181 ಇದೆ. ಅವನಿಗೂ ಚಿಕಿತ್ಸೆ ಬೇಕು: ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ, ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮೈಮೇಲೆ ದೇವರು ಬರುವವರ ಹತ್ತಿರ ಮೂರು ವಾರ ಸುತ್ತಿ ಆಮೇಲೆ ಬರಬೇಡಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿ ಆಸ್ಪತ್ರೆಗಳಲ್ಲೇ ಮನೋರೋಗಕ್ಕೆ ಮದ್ದು ಕೊಡುವುದನ್ನು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು, ದೇಶವೆಲ್ಲ ಅದನ್ನು ಬಳ್ಳಾರಿ ಮಾದರಿ ಅಂದಿತು. ಅದರ ಪಕ್ಕದ ಜಿಲ್ಲೆಯವರು ನೀವು.

ನಿಮ್ಮ ಪತ್ರ ನನ್ನ ಕೈಸೇರಿದ ದಿನವೇ ನೀವು ಬರೆದ ನಂಬರಿಗೆ ಎರಡು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ನಾಳೆ ಬೆಳಗ್ಗೆ ಕ್ಲಿನಿಕ್ಕಿನಿಂದ ಮತ್ತೆ ಮಾಡುತ್ತೇನೆ. ಗೊತ್ತಿಲ್ಲದ ನಂಬರ್ ಅಂತ ಬಿಡಬೇಡಿ.