ಮೇಷ್ಟ್ರಿಗೆ ಲ್ಯಾಟಿನ್‌ನಲ್ಲಿ ಥ್ಯಾಂಕ್ಸ್ ಹೇಳೋದು ಹೇಗೆ?

ಪ್ರಶ್ನೆ: ನಮ್ಮ ಲಾ ಕಾಲೇಜಿನ ಮೇಷ್ಟ್ರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಪಾಠ ಮಾಡುವಾಗ ಮಾತುಮಾತಿಗೆ ಲ್ಯಾಟಿನ್ ಉದುರಿಸುತ್ತಿದ್ದವರು. ಬೀಳ್ಕೊಡುಗೆ ಕಾರ್ಡಿನಲ್ಲಿ ಲ್ಯಾಟಿನ್‌ನಲ್ಲೇ ಥ್ಯಾಂಕ್ಸ್ ಬರೆಯೋಣ ಅಂತಿದ್ದೇವೆ. ಫೋನಿನಲ್ಲಿ ಹುಡುಕಿದರೆ 'ಗ್ರಾತಿಯಾಸ್ ತಿಬಿ ಅಗೋ' ಅಂತ ಸಿಕ್ಕಿತು. 'ತಿಬಿ' ಅಂದರೆ 'ನಿನಗೆ' ಅಂತೆ. ಮೇಷ್ಟ್ರಿಗೆ ಏಕವಚನವಾ?

ಉತ್ತರ: ಧೈರ್ಯವಾಗಿ ಹಾಕಿ. ಹಳೇ ರೋಮ್‌ನಲ್ಲಿ ಬಹುವಚನದ ಮರ್ಯಾದೆ ಅನ್ನೋದೇ ಇರಲಿಲ್ಲ. ಎದುರಿಗಿರೋರು ಒಬ್ಬರಾದರೆ ಏಕವಚನ, ಅವರು ಎಷ್ಟೇ ದೊಡ್ಡವರಾಗಿರಲಿ. ಕವಿ ಕತುಲ್ಲುಸ್ ಸಿಸೆರೋಗೆ ಥ್ಯಾಂಕ್ಸ್ ಹೇಳಿ ಏಳು ಸಾಲಿನ ಪದ್ಯ ಬರೆದಿದ್ದಾನೆ. ಸಿಸೆರೋ ಕ್ರಿ.ಪೂ. 63ರಲ್ಲಿ ರೋಮ್‌ನ ಕಾನ್ಸಲ್, ಅಂದರೆ ಅಲ್ಲಿನ ಅತಿ ದೊಡ್ಡ ಅಧಿಕಾರಿ, ಆಗಿದ್ದವನು, ದೊಡ್ಡ ವಕೀಲ ಬೇರೆ. ಅಂಥವನಿಗೂ 'ಗ್ರಾತಿಯಾಸ್ ತಿಬಿ ಮಾಕ್ಸಿಮಾಸ್' ಅಂತಲೇ ಬರೆದ. 'ಮಾಕ್ಸಿಮಾಸ್' ಅಂದರೆ ತುಂಬಾ ದೊಡ್ಡ ಅಂತ. (ಅದೇ ಪದ್ಯದಲ್ಲಿ ತನ್ನನ್ನು ಕವಿಗಳಲ್ಲೆಲ್ಲ ಕಳಪೆ ಅಂತ ಕರೆದುಕೊಂಡಿದ್ದಾನೆ. ಹೊಗಳಿದ್ದಾನೋ ಕಾಲೆಳೆದಿದ್ದಾನೋ ಅಂತ ಪಂಡಿತರು ಇನ್ನೂ ಜಗಳವಾಡುತ್ತಾರೆ.) ಬಹುವಚನದ 'ವೋಬೀಸ್' (ನಿಮಗೆ) ಬೇಕಾಗೋದು ಇಬ್ಬರು ಮೇಷ್ಟ್ರಿದ್ದರೆ ಮಾತ್ರ.

ನೀವು ಬದಲಾಯಿಸಬೇಕಾದ್ದು ಕ್ರಿಯಾಪದ. 'ಅಗೋ' ಅಂದರೆ ಹೇಳುತ್ತಿರೋದು ಒಬ್ಬರೇ ಅಂತಾಯಿತು. ಕ್ಲಾಸೆಲ್ಲ ಸೇರಿ ಬರೆಯುವಾಗ 'ಅಗಿಮುಸ್' ಆಗಬೇಕು. ನಾನಾದರೆ ಹೀಗೆ ಬರೆಯುತ್ತಿದ್ದೆ: 'ಮಗಿಸ್ತೆರ್, ಗ್ರಾತಿಯಾಸ್ ತಿಬಿ ಮಾಕ್ಸಿಮಾಸ್ ಅಗಿಮುಸ್, ಕ್ವೋದ್ ನೋಸ್ ದೊಕುಇಸ್ತಿ.' ಮೇಷ್ಟ್ರೇ, ನಮಗೆ ಕಲಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಂತ ಅರ್ಥ. ಮೇಡಂ ಆಗಿದ್ದರೆ 'ಮಗಿಸ್ತ್ರ' ಅನ್ನಿ.

ಓದಿ ಹೇಳೋದಾದರೆ ಮೇಲೆ ಬರೆದಂತೆ ಹೇಳಿ, ಅದು ಹಳೇ ರೋಮನ್ನರ ಉಚ್ಚಾರಣೆಗೆ ಹತ್ತಿರ. ಚರ್ಚಿನ ರೂಢಿಯಲ್ಲಿ ಅದು 'ಗ್ರಾತ್ಸಿಯಾಸ್' ಆಗುತ್ತೆ. 1960ರ ದಶಕದವರೆಗೆ ಕ್ಯಾಥೊಲಿಕ್ ಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಹಾಗಾಗಿ ಮಂಗಳೂರಿನ ಕಡೆಯ ಹಿರಿಯ ಕ್ರೈಸ್ತರಿಗೆ ಪೂಜೆಯ ಕೊನೆಗೆ ಬರುವ 'ದೇಯೋ ಗ್ರಾತ್ಸಿಯಾಸ್', ಅಂದರೆ ದೇವರಿಗೆ ಕೃತಜ್ಞತೆ, ನೆನಪಿರಬಹುದು. ಎರಡೂ ಸರಿ, ಕಲಬೆರಕೆ ಮಾತ್ರ ಬೇಡ.

ಇನ್ನೊಂದು ಮಾತು. 'ಬೆನಿಗ್ನೇ' ಅಂತಲೂ ನಿಮಗೆ ಸಿಗಬಹುದು. ಅದನ್ನು ಹುಷಾರಾಗಿ ಬಳಸಿ, ಯಾಕೆಂದರೆ ಎಷ್ಟೋ ಸಲ ಅದು 'ಬೇಡಪ್ಪಾ, ಥ್ಯಾಂಕ್ಸ್' ಅನ್ನೋ ಮಾತು. ಕವಿ ಹೊರೇಸ್ ಇದನ್ನು ಚೆನ್ನಾಗಿ ತೋರಿಸಿದ್ದಾನೆ. ದಕ್ಷಿಣ ಇಟಲಿಯ ಕಲಾಬ್ರಿಯಾದ ಒಬ್ಬ ತನ್ನ ಮನೆಗೆ ಬಂದವನಿಗೆ ಪೇರ್ ಹಣ್ಣು ತಿನ್ನು ತಿನ್ನು ಅಂತ ಒತ್ತಾಯ ಮಾಡುತ್ತಾನೆ. ಸಾಕು ಅಂದರೂ ಬಿಡಲ್ಲ, ಬೇಕಾದಷ್ಟು ತಗೊಂಡು ಹೋಗು ಅಂತಾನೆ. ಬಂದವನು 'ಬೆನಿಗ್ನೇ' ಅಂದು ತಪ್ಪಿಸಿಕೊಳ್ಳುತ್ತಾನೆ. ಮಕ್ಕಳಿಗಾದರೂ ಒಯ್ಯಿ ಅಂದರೂ ಒಪ್ಪಲ್ಲ. ಕೊನೆಗೆ ಮನೆಯವನು, 'ನಿನ್ನಿಷ್ಟ, ನೀನು ಬಿಟ್ಟಿದ್ದನ್ನ ಇವತ್ತು ಹಂದಿಗಳು ತಿಂತಾವೆ' ಅಂತಾನೆ!