‘ಇವತ್ತು ಸೂಜಿ ಇಲ್ಲ ಕಂದಾ’

ಪ್ರಶ್ನೆ: ನನ್ನ ಮಗಳಿಗೆ 4 ವರ್ಷ. ಬ್ಲಡ್ ಕ್ಯಾನ್ಸರ್, ಎಎಲ್ಎಲ್ ಅಂತ ಗೊತ್ತಾಗಿ ಈಗ ಮೂರು ವಾರ. ಚಿಕಿತ್ಸೆ ಎರಡು ವರ್ಷಕ್ಕೂ ಜಾಸ್ತಿ ನಡೆಯುತ್ತದಂತೆ. ಅವಳನ್ನು ಆಸ್ಪತ್ರೆಗೆ ಹೊರಡಿಸಲು ಪ್ರತಿ ಸಲ ‘ಇವತ್ತು ಸೂಜಿ ಇಲ್ಲ ಕಂದಾ’ ಅನ್ನುತ್ತೇನೆ. ಈಗ ನನ್ನ ಒಂದು ಮಾತನ್ನೂ ನಂಬುವುದಿಲ್ಲ. ಸೂಜಿ ಚುಚ್ಚುವವರು ನರ್ಸ್, ಹೊಡೆಸಿಕೊಳ್ಳುವವಳು ನಾನು. ಕೇಳಿದ್ದೆಲ್ಲ ಕೊಡಿಸುತ್ತಿದ್ದೇವೆ, ಆದರೂ ರಂಪ. ಮೊನ್ನೆ ರಾತ್ರಿ ‘ಅಣ್ಣನ ಕ್ರೇಯಾನ್ ಮುರಿದೆ ಅಂತ ಹೀಗಾಯ್ತಾ ಅಮ್ಮಾ?’ ಅಂದಳು. ನನಗೆ ಬಾಯೇ ಬರಲಿಲ್ಲ.

ಉತ್ತರ: ಮೊದಲು ಆ ಕ್ರೇಯಾನ್ ವಿಷಯ. ಉಳಿದಿದ್ದು ನಾಳೆಗೆ ಕಾಯಬಹುದು, ಇದು ಕಾಯಬಾರದು. ಈ ವಯಸ್ಸಿನ ಮಕ್ಕಳು ಏನೇ ಕೆಟ್ಟದ್ದಾದರೂ ತಮ್ಮಿಂದಲೇ ಆಯ್ತು ಅಂದುಕೊಳ್ಳುತ್ತಾರೆ. ಇವತ್ತೇ ಹೇಳಿ: ‘ನೀನು ಮಾಡಿದ ಯಾವುದರಿಂದಲೂ ಈ ಕಾಯಿಲೆ ಬಂದಿಲ್ಲ. ರಕ್ತ ಮೂಳೆ ಒಳಗೆ ತಯಾರಾಗುತ್ತೆ, ಅಲ್ಲಿ ಕೆಲವು ಕಣಗಳು ಸರಿಯಾಗಿ ಬೆಳೀದೆ ಸುಮ್ನೆ ಜಾಗ ತುಂಬಿಕೊಂಡಿವೆ, ಔಷಧಿ ಅವನ್ನು ಓಡಿಸುತ್ತೆ.’ ಒಂದು ಸಲ ಹೇಳಿದರೆ ಸಾಲದು. ಮತ್ತೆ ಕೇಳುತ್ತಾಳೆ, ಮತ್ತೆ ಹೇಳಿ.

ಇನ್ನು ಸೂಜಿ. ನಾನು ತುಂಬಾ ವರ್ಷ ಮಕ್ಕಳ ವಾರ್ಡಿನ ಆಟದ ಕೋಣೆಯಲ್ಲಿ ಕೆಲಸ ಮಾಡಿದವಳು. ಅಲ್ಲೊಬ್ಬ 5 ವರ್ಷದ ಹುಡುಗ ಬಟ್ಟೆ ಕರಡಿಯ ಕೈಗೆ ಪ್ಲಾಸ್ಟರ್ ಸುತ್ತಿ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಒಂದೇ ಸಮನೆ ಚುಚ್ಚುತ್ತಾ ಇದ್ದ. ನಾನು ಎಣಿಸಿದೆ, ಹನ್ನೊಂದು ಸಲ. ಪ್ರತಿ ಸಲವೂ ಕರಡಿಯ ತಲೆ ಸವರಿ ‘ಆಯ್ತು ಆಯ್ತು, ಇದೇ ಲಾಸ್ಟು’ ಅನ್ನುತ್ತಿದ್ದ, ಥೇಟ್ ನಮ್ಮ ಹಾಗೇ.

ಹಾಗಾಗಿ ಸುಳ್ಳು ನಿಲ್ಲಿಸಿ. ‘ಸೂಜಿ ಇಲ್ಲ ಅಂತ ಹೇಳಿದ್ದು ತಪ್ಪಾಯ್ತು ಪುಟ್ಟಾ, ಇನ್ಮೇಲೆ ಇದ್ದರೆ ಇದೆ ಅಂತಾನೇ ಹೇಳ್ತೀನಿ’ ಅಂತ ಅವಳ ಹತ್ತಿರ ಒಪ್ಪಿಕೊಳ್ಳಿ. ಮೂರು ದಿನ ಮುಂಚೆ ಹೇಳಿ ಹೆದರಿಸಬೇಡಿ, ಆವತ್ತು ಬೆಳಿಗ್ಗೆ ಹೇಳಿದರೆ ಸಾಕು. ನೋವಾಗುತ್ತಾ ಅಂತ ಕೇಳಿದರೆ ಚುರುಕ್ ಅನ್ನುತ್ತೆ, ನಾನು ಹಿಡ್ಕೊಂಡಿರ್ತೀನಿ ಅನ್ನಿ. ಮರಗಟ್ಟಿಸುವ ಕ್ರೀಮ್ ಇದೆ, ಸುಮಾರು ಒಂದು ಗಂಟೆ ಮುಂಚೆ ಹಚ್ಚಬೇಕು, ಅವರಾಗಿ ಹೇಳದಿದ್ದರೆ ನೀವೇ ಕೇಳಿ. ಮಲಗಿಸಿ ಅದುಮಿ ಹಿಡಿಯುವ ಬದಲು ತೊಡೆ ಮೇಲೆ ಎದೆಗೊರಗಿಸಿ ಕೂರಿಸಿಕೊಳ್ಳಬಹುದಾ ಅಂತಲೂ ಕೇಳಿ. ‘ಚುಚ್ಚಲಾ?’ ಅಂತ ಮಾತ್ರ ಅವಳನ್ನು ಕೇಳಬೇಡಿ, ಬೇಡ ಅಂದರೆ ಬಿಡುತ್ತೀರಾ? ಎಡಗೈಯಾ ಬಲಗೈಯಾ ಅಂತ ಕೇಳಿ, ಅದೂ ಎರಡೂ ಆಗುತ್ತೆ ಅಂತ ನರ್ಸ್ ಹೇಳಿದ್ದರೆ.

ಹೊಡೆಯೋದು ನಿಮಗೇ ಯಾಕೆ? ನರ್ಸ್‌ಗೆ ಹೊಡೆದರೆ ಏನಾಗುತ್ತೋ ಅವಳಿಗೆ ಗೊತ್ತಿಲ್ಲ. ನೀವು ಎದ್ದು ಹೋಗಲ್ಲ ಅನ್ನೋದು ಗೊತ್ತು. ಆದರೆ ರಂಪ ಎಲ್ಲಾ ಮನಸ್ಸಿನದೇ ಅಂದುಕೊಳ್ಳಬೇಡಿ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲ 4 ವಾರ ಸ್ಟೆರಾಯ್ಡ್ ಕೊಡುತ್ತಾರೆ. ಅದರಿಂದ ವಿಪರೀತ ಹಸಿವು, ನಿದ್ದೆ ಇಲ್ಲ, ಕಾರಣವಿಲ್ಲದ ಸಿಟ್ಟು. ಸ್ಟೆರಾಯ್ಡ್ ನಿಲ್ಲಿಸಿದ ಮೇಲೆ ಬಹುಪಾಲು ಮಕ್ಕಳು ನಿಧಾನಕ್ಕೆ ಮೊದಲಿನ ಹಾಗಾಗುತ್ತಾರೆ. ವಿನ್‌ಕ್ರಿಸ್ಟಿನ್ ಅನ್ನೋ ಇನ್ನೊಂದು ಔಷಧಿಯಿಂದ ಮಲಬದ್ಧತೆ, ದವಡೆ ನೋವು, ಕಾಲು ನೋವು ಬರಬಹುದು. 4 ವರ್ಷದ ಮಗುವಿಗೆ ‘ದವಡೆ ನೋಯ್ತಿದೆ’ ಅನ್ನೋದಕ್ಕಿಂತ ತಟ್ಟೆ ಎಸೆಯೋದು ಸುಲಭ. ಅತ್ತ ದಿನ, ಔಷಧಿ ಕೊಟ್ಟ ದಿನ ಎರಡನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಡಾಕ್ಟರಿಗೆ ತೋರಿಸಿ.

ಕೇಳಿದ್ದೆಲ್ಲ ಕೊಡಿಸೋದು ಸಾಕು ಮಾಡಿ. ಇಲ್ಲ ಅನ್ನುತ್ತಿದ್ದ ಅಪ್ಪ ಅಮ್ಮ ಇದ್ದಕ್ಕಿದ್ದಂತೆ ಎಲ್ಲಕ್ಕೂ ಹೂಂ ಅಂದರೆ ಏನೋ ದೊಡ್ಡ ಗಂಡಾಂತರ ಅಂತ ಮಗು ಹೆದರುತ್ತದೆ. ಹೊಡೆಯಲು ಬಂದರೆ ಕೈ ಹಿಡಿದು ‘ಸಿಟ್ಟು ಬರಲಿ, ಹೊಡೆಯೋದು ಬೇಡ’ ಅನ್ನಿ. ಮಾತ್ರೆ ಮತ್ತು ಕೈ ತೊಳೆಯೋದರಲ್ಲಿ ಚೌಕಾಸಿ ಇಲ್ಲ.

ಮನೆಯಲ್ಲಿದ್ದಾಗ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನ್ ಮಾಡಿ. ನಿಮ್ಮ ಡಾಕ್ಟರು ಇದಕ್ಕಿಂತ ಕಡಿಮೆ ಮಟ್ಟ ಹೇಳಿದ್ದರೆ ಅದೇ ಲೆಕ್ಕ. ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮುಚ್ಚಿಹೋಗುತ್ತದೆ, ಕೌಂಟ್ (ರಕ್ತದ ಬಿಳಿ ಕಣಗಳ ಸಂಖ್ಯೆ) ಕಡಿಮೆ ಇರುವಾಗ ಸೋಂಕು ಜೋರಾಗಲು ಕೆಲವು ಗಂಟೆ ಸಾಕು. ನಿದ್ದೆಯಿಂದ ಎಬ್ಬಿಸಿ ಎತ್ತಿಕೊಂಡು ಓಡುವ ಆ ಹೊತ್ತಿನಲ್ಲೇ ‘ಬೇಗ ಬಂದುಬಿಡೋಣ’ ಅನ್ನೋ ಸುಳ್ಳು ಬಾಯಿಗೆ ಬರೋದು. ‘ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ, ನಿನ್ನ ಜೊತೆ ಇರ್ತೀನಿ’ ಅನ್ನಿ.

ಅಂದ ಹಾಗೆ, ಕಾಗದದಲ್ಲಿ ಅಣ್ಣನ ಬಗ್ಗೆ ಕ್ರೇಯಾನ್ ಬಿಟ್ಟು ಬೇರೇನೂ ಇಲ್ಲ. ಈ ಕಾಯಿಲೆ ಅಂಟಲ್ಲ ಅಂತ ಅವನಿಗೆ ಹೇಳಿದ್ದೀರಾ? ಕ್ರೇಯಾನ್ ಮುರಿದ ದಿನ ಅವನು ತಂಗಿಗೆ ಏನಂದಿದ್ದ ಅಂತ ಮೆಲ್ಲಗೆ ಕೇಳಿ ನೋಡಿ. ತನ್ನ ಬೈಗುಳದಿಂದಲೇ ಹೀಗಾಯ್ತು ಅಂತ ಅವನೂ ಅಂದುಕೊಂಡಿರಬಹುದು.