ಎಷ್ಟು ಸಿಕ್ಕರೆ ಮಗಳನ್ನು ಕಳಿಸಬಹುದು?

ಓದುಗರ ಪತ್ರ (ಸಂಕ್ಷೇಪಿಸಿದೆ): ನಾವು ಅಮೆರಿಕಕ್ಕೆ ಬಂದು ಹನ್ನೊಂದು ವರ್ಷವಾಯಿತು. ಯಜಮಾನರದು ಎಚ್-1ಬಿ ಎಂಬ ಕೆಲಸದ ವೀಸಾ, ಮಕ್ಕಳದು ಅವಲಂಬಿತರಿಗೆ ಕೊಡುವ ಎಚ್-4. ಹನ್ನೆರಡನೇ ತರಗತಿಯಲ್ಲಿರುವ ಮಗಳಿಗೆ ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲೂ ಒಂದು ಖಾಸಗಿ ಯೂನಿವರ್ಸಿಟಿಯಲ್ಲೂ ಸೀಟು ಸಿಕ್ಕಿದೆ. ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ ಸರ್ಕಾರಿಯಲ್ಲಿ 32,000 ಡಾಲರ್, ಖಾಸಗಿಯಲ್ಲಿ 86,000. ಅವಳ ಮನಸ್ಸೆಲ್ಲ ಖಾಸಗಿಯ ಮೇಲೆ. ಮೆರಿಟ್ ಸ್ಕಾಲರ್‌ಶಿಪ್ ಸುದ್ದಿ ಮಾರ್ಚ್ ಬಂದರೂ ಬಂದಿಲ್ಲ. ನಮ್ಮ ಉಳಿತಾಯ 1,40,000, ತಿಂಗಳಿಗೆ 3,000 ಎತ್ತಿಡಬಹುದು. ಮಗ ಅವಳಿಗಿಂತ ಎರಡು ವರ್ಷ ಚಿಕ್ಕವನು. ಇನ್ನೂ ಎಷ್ಟು ದಿನ ಕಾಯುವುದು? ಎಷ್ಟು ಸಿಕ್ಕರೆ ಕಳಿಸಬಹುದು?

ಸಂಪಾದಕರ ಉತ್ತರ:

ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇವೆ. ಅದಕ್ಕೆ ಯೂನಿವರ್ಸಿಟಿಯ ಉತ್ತರಕ್ಕಾಗಿ ಕಾಯಬೇಕಿಲ್ಲ. ಬೇಕಾದ ಅಂಕಿಗಳನ್ನೆಲ್ಲ ನೀವೇ ಬರೆದಿದ್ದೀರಿ.

ಹೆಚ್ಚಿನ ಮನೆಗಳಲ್ಲಿ ಲೆಕ್ಕ ತಪ್ಪುವುದು ಮೊದಲ ವರ್ಷದ ಖರ್ಚನ್ನು ನಾಲ್ಕರಿಂದ ಗುಣಿಸಿದಾಗ. ಶುಲ್ಕ ಪ್ರತಿ ವರ್ಷ ಏರುತ್ತದೆ, ಸ್ಕಾಲರ್‌ಶಿಪ್ ಮಾತ್ರ ಸಾಮಾನ್ಯವಾಗಿ ನಾಲ್ಕು ವರ್ಷವೂ ಅಷ್ಟೇ ಇರುತ್ತದೆ. ವರ್ಷಕ್ಕೆ ಶೇ 4 ಏರಿಕೆ ಹಿಡಿದರೆ ನಿಮ್ಮ ಮಗಳ ಖಾಸಗಿ ಓದಿಗೆ ನಾಲ್ಕು ವರ್ಷಕ್ಕೆ ಸುಮಾರು 3,65,000 ಡಾಲರ್ ಬೇಕು. 30,000ದ ಸ್ಕಾಲರ್‌ಶಿಪ್ ಬಂತೆನ್ನಿ. ಮೊದಲ ವರ್ಷ ನೀವು ಕಟ್ಟುವುದು 56,000. ನಾಲ್ಕನೇ ವರ್ಷ ಅದು 66,700 ದಾಟಿರುತ್ತದೆ. ಸರ್ಕಾರಿ ಯೂನಿವರ್ಸಿಟಿಗೆ ಇದೇ ಏರಿಕೆಯಲ್ಲಿ ನಾಲ್ಕು ವರ್ಷಕ್ಕೆ ಸುಮಾರು 1,36,000 ಆಗುತ್ತದೆ.

ಈಗ ಮಗನನ್ನೂ ಸೇರಿಸಿಕೊಳ್ಳಿ. ಅವನು ಎರಡು ವರ್ಷದ ನಂತರ ಸರ್ಕಾರಿ ಯೂನಿವರ್ಸಿಟಿಗೇ ಸೇರಿದರೂ ಅವನಿಗೆ ಸುಮಾರು 1,47,000 ಬೇಕು. ಇಬ್ಬರ ಓದು ಮುಗಿಯುವ ಆರು ವರ್ಷದಲ್ಲಿ ತಿಂಗಳಿಗೆ 3,000ದಂತೆ 2,16,000 ಕೂಡುತ್ತದೆ, ಉಳಿತಾಯ ಸೇರಿ 3,56,000. ಮಗನ ಪಾಲು ತೆಗೆದರೆ ಮಗಳಿಗೆ ಉಳಿಯುವುದು 2,09,000. ಖಾಸಗಿಗೆ ಬೇಕಾದ್ದಕ್ಕಿಂತ ಇದು 1,56,000 ಕಡಿಮೆ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 39,000.

ಆದರೆ 39,000ಕ್ಕೆ ಒಪ್ಪಿಕೊಳ್ಳಬೇಡಿ ಎಂದೇ ಹೇಳುತ್ತೇವೆ. ಅಷ್ಟು ಬಂದರೆ ಮಗಳ ನಾಲ್ಕನೇ ವರ್ಷದ ಕೊನೆಗೆ ಕೈಯಲ್ಲಿ ಉಳಿಯುವುದು ನಾಲ್ಕು ಸಾವಿರ ಡಾಲರ್ ಮಾತ್ರ. ಮಗನಿಗೆ ಆಗ ಇನ್ನೂ ಎರಡು ವರ್ಷ ಬಾಕಿ. ಎಚ್-1ಬಿಯಲ್ಲಿ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಅಂಥ ಮನೆ ಬರಿಗೈಯಲ್ಲಿ ಇರಬಾರದು. ಕನಿಷ್ಠ 30,000 ಮುಟ್ಟದೆ ಪಕ್ಕಕ್ಕಿಡಿ. ಆಗ ನಿಮಗೆ ಬೇಕಾದ ಸ್ಕಾಲರ್‌ಶಿಪ್ ವರ್ಷಕ್ಕೆ 46,000ದಿಂದ 47,000. ಇದು ದೊಡ್ಡ ಮೊತ್ತವೇ, ಬರಲಾರದು ಎಂದಲ್ಲ.

ಬರಬಹುದೇ ಎಂದು ಅಂದಾಜು ಮಾಡಲು ಒಂದು ದಾರಿಯಿದೆ. ಆ ಯೂನಿವರ್ಸಿಟಿಯ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಎಂದು ಹುಡುಕಿ. ಪ್ರವೇಶ, ಶುಲ್ಕ, ನೆರವಿನ ಅಂಕಿಗಳನ್ನು ಯೂನಿವರ್ಸಿಟಿಯೇ ಪ್ರಕಟಿಸುವ ದಾಖಲೆ ಅದು. ಅದರ ಎಚ್2ಎ ವಿಭಾಗ ತೆರೆಯಿರಿ. ಆರ್ಥಿಕ ಅಗತ್ಯ ಇಲ್ಲದಿದ್ದರೂ ಎಷ್ಟು ವಿದ್ಯಾರ್ಥಿಗಳಿಗೆ ಯೂನಿವರ್ಸಿಟಿ ಹಣ ಕೊಟ್ಟಿದೆ, ಸರಾಸರಿ ಎಷ್ಟು ಎಂಬುದು ಅಲ್ಲಿರುತ್ತದೆ. ಸರಾಸರಿ 20,000ದ ಆಸುಪಾಸಿನಲ್ಲಿದ್ದರೆ 46,000 ಬರಲು ಮಗಳು ಅಲ್ಲಿನ ಆಯ್ದ ಕೆಲವೇ ವಿದ್ಯಾರ್ಥಿಗಳಲ್ಲಿ ಒಬ್ಬಳಾಗಬೇಕು. ಅದೇ ದಾಖಲೆಯ ಸಿ9ರಲ್ಲಿ ಸೇರಿದವರ ಎಸ್ಎಟಿ (ಪ್ರವೇಶ ಪರೀಕ್ಷೆ) ಅಂಕಗಳ ವ್ಯಾಪ್ತಿ ಇದೆ. ಅವಳ ಅಂಕ ಅದರ ಮೇಲಿನ ತುದಿ ದಾಟಿದ್ದರೆ ಆಸೆ ಇಟ್ಟುಕೊಳ್ಳಬಹುದು, ನಡುವೆ ಇದ್ದರೆ ಕಡಿಮೆ. ಮೆರಿಟ್ ಹಣ ಜಾಣ ಮಕ್ಕಳಿಗೆ ಕೊಡುವ ಬಹುಮಾನ ಎಂದುಕೊಳ್ಳುತ್ತೇವೆ. ಯೂನಿವರ್ಸಿಟಿಗೆ ಅದು ತನಗೆ ಬೇಕಾದ ವಿದ್ಯಾರ್ಥಿಗಳನ್ನು ಸೆಳೆಯುವ ಸಾಧನ. ತಾವಾಗಿ ಬರುವವರು ಸಾಕಷ್ಟಿರುವ ಎಂಟು ಐವಿ ಲೀಗ್ ಯೂನಿವರ್ಸಿಟಿಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ.

ಇನ್ನು ಕಾಯುವ ವಿಷಯ. ಮಗಳ ಪ್ರವೇಶ ಪತ್ರವನ್ನು ಮತ್ತೊಮ್ಮೆ ಪೂರ್ತಿ ಓದಿ. ಹಲವು ಕಡೆ ಮೆರಿಟ್ ಹಣವನ್ನು ಪ್ರವೇಶ ಪತ್ರದಲ್ಲೇ ಹೇಳಿ ಮುಗಿಸುತ್ತಾರೆ. ಅದರಲ್ಲಿ ಇಲ್ಲವೆಂದರೆ ಇಲ್ಲ, 'ನಿಮಗೆ ಸಿಕ್ಕಿಲ್ಲ' ಎಂಬ ಇನ್ನೊಂದು ಪತ್ರ ಯಾರೂ ಕಳಿಸುವುದಿಲ್ಲ. ಬರಲಾರದ ಸುದ್ದಿಗಾಗಿ ಏಪ್ರಿಲ್ ಪೂರ್ತಿ ಕಾದು ಕೂತ ಮನೆಗಳಿವೆ. ಇನ್ನು ಕೆಲವು ಕಡೆ ಬೇರೆ ಅರ್ಜಿ, ಪ್ರಬಂಧ, ಸಂದರ್ಶನ ಇರುತ್ತವೆ, ಗಡುವು ಡಿಸೆಂಬರ್‌ನಲ್ಲೇ ಮುಗಿದಿರುತ್ತದೆ. ಪೋರ್ಟಲ್‌ನ ಪ್ರತಿ ಪುಟವನ್ನೂ ಸ್ಪ್ಯಾಮ್ ಫೋಲ್ಡರನ್ನೂ ನೋಡಿದ ಮೇಲೆ ಮಗಳಿಂದಲೇ ಒಂದು ಇಮೇಲ್ ಬರೆಸಿ. ತಂದೆ ತಾಯಿ ಬರೆಯುವುದು ಬೇಡ, ಅರ್ಜಿ ಅವಳದು. ಹೆಸರು, ಅರ್ಜಿ ಸಂಖ್ಯೆ ಹಾಕಿ ಕೇಳಬೇಕಾದ್ದು ಇಷ್ಟು: ನನ್ನನ್ನು ಮೆರಿಟ್ ಸ್ಕಾಲರ್‌ಶಿಪ್‌ಗೆ ಪರಿಗಣಿಸಲಾಗಿದೆಯೇ? ತೀರ್ಮಾನ ಇನ್ನೂ ಬಾಕಿ ಇದೆಯೇ, ಇದ್ದರೆ ಯಾವ ದಿನಾಂಕದೊಳಗೆ? ಎಚ್-4ರಲ್ಲಿರುವವರು ಅದಕ್ಕೆ ಅರ್ಹರೇ?

ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಎಚ್-4 ಮಕ್ಕಳಿಗೆ ಫೆಡರಲ್ ಸರ್ಕಾರದ ನೆರವೂ ಸಾಲವೂ ಇಲ್ಲ. ಯೂನಿವರ್ಸಿಟಿಯ ಸ್ವಂತ ಹಣಕ್ಕೆ ಅಂಥ ನಿರ್ಬಂಧ ಇರಲೇಬೇಕೆಂದಿಲ್ಲ, ಆದರೆ ನಿಯಮ ಒಂದೊಂದು ಕಡೆ ಒಂದೊಂದು ಥರ. ಕೆಲವರು ಸ್ಕಾಲರ್‌ಶಿಪ್‌ಗೂ ಫಾಫ್ಸಾ, ಅಂದರೆ ಫೆಡರಲ್ ನೆರವಿನ ಅರ್ಜಿ, ಕೇಳುತ್ತಾರೆ. ನಿಮ್ಮಂಥವರು ಅದರ ಬದಲು ಏನು ಕೊಡಬೇಕೆಂದು ಫೈನಾನ್ಷಿಯಲ್ ಏಯ್ಡ್ ಆಫೀಸನ್ನೇ ಕೇಳಬೇಕು. ಎಚ್-4ರಲ್ಲಿ ಇರುವವರೆಗೆ ಮಗಳು ಸಂಬಳದ ಕೆಲಸ ಮಾಡುವಂತಿಲ್ಲ, ಹಾಗಾಗಿ ಕ್ಯಾಂಪಸ್ ಕೆಲಸದ ಸಂಪಾದನೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಖಾಸಗಿ ಸಾಲ ಕೊಡುವ ಹೆಚ್ಚಿನವರು ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಜಾಮೀನುದಾರರನ್ನು ಕೇಳುತ್ತಾರೆ.

ಇದಕ್ಕಿಂತ ದೊಡ್ಡ ಸಂಗತಿ ಅವಳ 21ನೇ ಹುಟ್ಟುಹಬ್ಬ. ಅದು ಮೂರನೇ ಅಥವಾ ನಾಲ್ಕನೇ ವರ್ಷದ ನಡುವೆ ಬರುತ್ತದೆ. ಆ ದಿನ ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡ್ ದಾರಿ ತೆರೆಯದಿದ್ದರೆ ಅದಕ್ಕೆ ಮೊದಲೇ ವಿದ್ಯಾರ್ಥಿ ವೀಸಾ ಆದ ಎಫ್-1ಗೆ ಬದಲಾಗಬೇಕು. ಆಗ ಸರ್ಕಾರಿ ಯೂನಿವರ್ಸಿಟಿಯಲ್ಲಿ ರಾಜ್ಯದವರಿಗಿರುವ ಶುಲ್ಕವೇ ಮುಂದುವರಿಯುತ್ತದೆಯೇ, ಹೊರಗಿನವರ ಶುಲ್ಕ ಬೀಳುತ್ತದೆಯೇ ಎಂಬುದು ಆಯಾ ರಾಜ್ಯದ ನಿಯಮ. ನೀವು ಅಗ್ಗವೆಂದು ನೆಚ್ಚಿಕೊಂಡ 32,000 ಕೊನೆಯ ವರ್ಷದಲ್ಲಿ ಕೈಕೊಡಬಹುದು. ಎರಡೂ ಕಡೆ ಈ ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಫೋನಿನಲ್ಲಿ ಕೊಟ್ಟ ಭರವಸೆ ಮೂರು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ.

ಸ್ಕಾಲರ್‌ಶಿಪ್ ಬಂದರೆ ನವೀಕರಣದ ಷರತ್ತು ಓದಿ. 3.0 ಜಿಪಿಎ (4ಕ್ಕೆ ಸರಾಸರಿ ಅಂಕ) ಕೇಳುವುದಕ್ಕೂ 3.5 ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎಂಜಿನಿಯರಿಂಗ್ ಮೊದಲ ವರ್ಷದ ಗಣಿತ, ಭೌತವಿಜ್ಞಾನದಲ್ಲಿ 3.5 ಉಳಿಸಿಕೊಳ್ಳುವುದು ಜಾಣ ಮಕ್ಕಳಿಗೂ ಕಷ್ಟ. ಒಂದು ಸೆಮಿಸ್ಟರ್ ಕಡಿಮೆ ಬಂದರೆ ಸುಧಾರಿಸಿಕೊಳ್ಳಲು ಅವಕಾಶವಿದೆಯೇ, ವರ್ಷಕ್ಕೆ ಎಷ್ಟು ಕ್ರೆಡಿಟ್ ಮುಗಿಸಬೇಕು, ವಿಷಯ ಬದಲಿಸಿದರೆ ಹಣ ನಿಲ್ಲುತ್ತದೆಯೇ ಎಂದು ಕೇಳಿ. ಹೊರಗಿನ ಸಂಸ್ಥೆಯಿಂದ ಬೇರೆ ಸ್ಕಾಲರ್‌ಶಿಪ್ ಬಂದರೆ ಕೆಲವು ಯೂನಿವರ್ಸಿಟಿಗಳು ತಮ್ಮ ಪಾಲನ್ನು ಅಷ್ಟು ಇಳಿಸುತ್ತವೆ. ಇದನ್ನೂ ಮೊದಲೇ ತಿಳಿದುಕೊಳ್ಳಿ.

ಬಂದದ್ದು ನಿಮ್ಮ ಅಂಕಿಗೆ ಸ್ವಲ್ಪ ಕಡಿಮೆಯಾದರೆ, 40,000 ಎಂದುಕೊಳ್ಳಿ, ಹೆಚ್ಚಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಏಪ್ರಿಲ್ ಮೊದಲ ಎರಡು ವಾರದಲ್ಲೇ ಕೇಳಿ. ಅದೇ ದರ್ಜೆಯ ಇನ್ನೊಂದು ಯೂನಿವರ್ಸಿಟಿ ಕೊಟ್ಟ ಹೆಚ್ಚಿನ ಮೊತ್ತದ ಪತ್ರ, ಇಲ್ಲವೇ ಅರ್ಜಿ ಹಾಕಿದ ನಂತರದ ಹೊಸ ಅಂಕಪಟ್ಟಿ ಜೊತೆಗಿದ್ದರೆ ಆ ಕೋರಿಕೆಗೆ ಬಲ ಬರುತ್ತದೆ. ಸರ್ಕಾರಿ ಯೂನಿವರ್ಸಿಟಿಯ ಕಡಿಮೆ ಶುಲ್ಕವನ್ನು ತೋರಿಸಿದರೆ ಅಷ್ಟು ಕೆಲಸ ಮಾಡದು. ಎಷ್ಟು ಕಡಿಮೆ ಬೀಳುತ್ತದೆ ಎಂಬ ಅಂಕಿಯನ್ನು ಸ್ಪಷ್ಟವಾಗಿ ಬರೆಯಿರಿ. ಸೀಟು ಖಚಿತಪಡಿಸಲು ಸಾಮಾನ್ಯ ಗಡುವು ಮೇ 1. ಎರಡೂ ಕಡೆ ಡಿಪಾಸಿಟ್ ಕಟ್ಟಿ ಕಾಯುವ ಸಲಹೆ ಕೆಲವರು ಕೊಟ್ಟಾರು, ಅದು ಸರಿಯಲ್ಲ. ನಿಯಮಕ್ಕೂ ವಿರುದ್ಧ, ಕಾದಿರುವ ಇನ್ನೊಂದು ಮಗುವಿಗೂ ಅನ್ಯಾಯ.

ಕೊನೆಗೆ ಒಂದು ಮಾತು, ನಿಮ್ಮ ಪತ್ರ ಓದಿದಾಗಿನಿಂದ ಮನಸ್ಸಿನಲ್ಲಿರುವುದು. ಈ ಲೆಕ್ಕ ಮಗಳಿಗೆ ಇನ್ನೂ ಗೊತ್ತಿಲ್ಲ ಅನ್ನಿಸುತ್ತದೆ. ಸುದ್ದಿ ಬಂದ ಮೇಲೆ ಹೇಳಿದರೆ ಅಪ್ಪ ಅಮ್ಮ ಬೇಡವೆಂದರು ಎಂದೇ ಅವಳಿಗೆ ಕೇಳಿಸುತ್ತದೆ. ಈ ಭಾನುವಾರ ಯಜಮಾನರೂ ಇರುವಾಗ ಮೂವರೂ ಕೂತು ಹಾಳೆಯ ಮೇಲೆ ಬರೆಯಿರಿ: ಉಳಿತಾಯ ಎಷ್ಟು, ತಮ್ಮನ ಪಾಲು ಎಷ್ಟು, ಪಕ್ಕಕ್ಕಿಟ್ಟದ್ದು ಎಷ್ಟು, ಯಾಕೆ. 46,000 ಎಂಬ ಅಂಕಿಯನ್ನು ಅವಳೇ ಕೂಡಿ ಕಳೆದು ಕಂಡುಕೊಳ್ಳಲಿ. ಆಮೇಲೆ ಆ ಇಮೇಲ್ ಬರೆಯಲು ಕೂರಿಸಿ.

– ಸಂ.